ಹಿತ್ತಲ ಕುಂಟೆಗೆ ಯಾರನ್ನು ಬಿಡುವುದು

ಊರಿನವರ ಡ್ರಮ್ಮು, ತೊಟ್ಟಿ, ಹೂವಿನ ಕುಂಡ, ಹಳೇ ಟೈರು ಒಂದನ್ನೂ ಬಿಡದೆ ಬಗ್ಗಿ ನೋಡಿ, ನಿಂತ ನೀರು ಕಂಡಲ್ಲೆಲ್ಲ ಚೆಲ್ಲಿಸುತ್ತಿದ್ದ ಗಂಗಾಲಕ್ಷ್ಮಿಯ ಹಿತ್ತಲಲ್ಲೇ ಸೊಳ್ಳೆಮರಿ ಸಿಕ್ಕಿತು ಎಂದರೆ ಊರು ಸುಮ್ಮನಿರುತ್ತದೆಯೇ?

ಅವಳು ಆವನಿ ಬೆಟ್ಟದಿಂದ ಮೂರು ಮೈಲಿ ದೂರದ ಆ ಊರಿನ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಯೋಗಕ್ಷೇಮ, ಮಕ್ಕಳ ಲಸಿಕೆ, ಮಳೆಗಾಲ ಬಂದರೆ ಸೊಳ್ಳೆಮರಿ ಹುಡುಕುವ ಕೆಲಸ, ಎಲ್ಲವೂ ಅವಳ ತಲೆಯ ಮೇಲೆ. ಕಬ್ಬಿಣದ ಮಾತ್ರೆ ಕೊಡುವಾಗಲೂ ಚೀಟಿಯನ್ನು ಮೂರು ಸಲ ಓದಿ, ಮನೆಗೆ ಬಂದಮೇಲೆ ಸರಿಯಾಗಿ ಓದಿದೆನೋ ಇಲ್ಲವೋ ಎಂದು ಅನುಮಾನಪಡುವ ಹೆಂಗಸು. ಅಂಥವಳ ಮನೆಗೆ ಆ ಗುರುವಾರ ಆರೋಗ್ಯ ನಿರೀಕ್ಷಕ ಮುರಳಿಮೋಹನ್ ಬಂದರು. ಉದ್ದ ಹಿಡಿಯ ಬಿಳೀ ಸೌಟನ್ನು ಹಿತ್ತಲಲ್ಲಿದ್ದ ನೀರಿನ ಕುಂಟೆಗೆ ಹತ್ತು ಸಲ ಅದ್ದಿದರು. ಏಳು ಸಲ ಸೌಟಿನ ತುಂಬ ಮರಿಗಳು ಕೊಂಕಿ ಕೊಂಕಿ ಕುಣಿದವು.

ಪಕ್ಕದ ಮನೆಯ ಸೊಣ್ಣಪ್ಪ ಗೋಡೆಯ ಮೇಲೆ ಗದ್ದ ಊರಿ ನಿಂತಿದ್ದ. ಹೋದ ತಿಂಗಳು ಅವನ ಎರಡು ಡ್ರಮ್ಮು ನೀರನ್ನು ಗಂಗಾಲಕ್ಷ್ಮಿ ನಿಂತು ಚೆಲ್ಲಿಸಿದ್ದಳು.

"ಏನಕ್ಕಾ, ನಮ್ಮ ಡ್ರಮ್ಮು ಮಗುಚಿಸಿದ್ರಲ್ಲ, ಇದನ್ನ ಯಾವ ಕಡೆಯಿಂದ ಎತ್ತಿ ಮಗುಚೋಣ? ಹೇಳಿ, ನಾನೂ ಒಂದು ಕೈ ಹಿಡೀತೀನಿ."

ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮುರಳಿಮೋಹನ್ ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಹೇಳಿದರು: "ಇದು ಡೆಂಗಿ ಸೊಳ್ಳೆ ಅಲ್ಲಮ್ಮ, ಅದು ಡ್ರಮ್ಮು ತೊಟ್ಟಿ ಕಡೇದು. ಆದ್ರೂ ಸೊಳ್ಳೆ ಸೊಳ್ಳೇನೇ ಅಲ್ವಾ? ಮುಂದಿನ ಗುರುವಾರ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಮಾಡಿ. ಆಗಲಿಲ್ಲ ಅಂದ್ರೆ ಮುಚ್ಚಿಸಿಬಿಡಿ."

ಮುಚ್ಚಿಸುವ ಮಾತು ಕೇಳಿ ಗಂಡ ಅಮರನಾಥನ ಮುಖ ಅರಳಿತು. "ನಾಳೇನೇ ಮಣ್ಣು ಹೊಡೆಸ್ತೀನಿ ಕಣೇ. ಟ್ರ್ಯಾಕ್ಟರಿಗೆ ಇವತ್ತೇ ಹೇಳಿರ್ತೀನಿ. ಜಾಗ ಬಂದ್ರೆ ಹುಳುಮನೇನ ಇನ್ನೊಂದು ಅಂಕಣ ಎಳೀಬಹುದು."

ಹುಳುಮನೆ ಎಂದರೆ ಅವರ ರೇಷ್ಮೆಹುಳು ಸಾಕುವ ಮನೆ. ಮೂರು ವರ್ಷದ ಹಿಂದೆ ಅದರ ತಳಪಾಯಕ್ಕೆಂದು ಹಿತ್ತಲಲ್ಲಿ ಮಣ್ಣು ತೆಗೆದಿದ್ದರಿಂದಲೇ ಎದೆಮಟ್ಟದ ಈ ಗುಂಡಿ ಆದದ್ದು. ಆ ವರ್ಷದ ಮಳೆಗೆ ಅದು ತುಂಬಿತು. ಗಂಗಾಲಕ್ಷ್ಮಿ ಯಾರಿಗೂ ಹೇಳದೆ ಒಂದು ನೈದಿಲೆ ಗೆಡ್ಡೆ ತಂದು ಹೂತಳು. ಒಂದು ಬೆಳಿಗ್ಗೆ ಪಾತ್ರೆ ತೊಳೆಯಲು ಬಂದವಳ ಮುಂದೆ ಮಿಂಚುಳ್ಳಿಯೊಂದು ನೀಲಿಯ ಗೆರೆ ಎಳೆದ ಹಾಗೆ ನೀರಿಗೆ ಬಿದ್ದು ಎದ್ದು ಹೋಯಿತು. ಅವಳು ಕೈಯಲ್ಲಿದ್ದ ಬೂದಿಯನ್ನೂ ಮರೆತು ನಿಂತಿದ್ದಳು. ಬೆಳಗಾದರೆ ಊರಿನವರ ಜ್ವರ, ನೆಗಡಿ, ಹೆರಿಗೆಯಲ್ಲೇ ಮುಗಿಯುವ ಅವಳ ದಿನದಲ್ಲಿ ಆ ಕುಂಟೆಯ ದಡದ ಹತ್ತು ನಿಮಿಷ ಮಾತ್ರ ಅವಳದ್ದಾಗಿತ್ತು. ಅದನ್ನು ಗಂಡನಿಗೆ ಹೇಗೆ ಹೇಳುವುದು? ಹೇಳಿದರೆ ನಗುತ್ತಾನೆ. ಅದಕ್ಕೇ, "ಗುರುವಾರದವರೆಗೂ ತಡೀರಿ. ಮರಿ ತಿನ್ನೋ ಏನಾದ್ರೂ ಬಿಡ್ತೀನಿ" ಎಂದಷ್ಟೇ ಹೇಳಿದಳು.

ಆದರೆ ಏನನ್ನು ಬಿಡುವುದು?

ಅತ್ತೆ ವೆಂಕಟರತ್ನಮ್ಮ ರಾಯಲ್ಪಾಡು ಕಡೆಯವರು, ಅವಸರದ ಮಾತೆಲ್ಲ ತೆಲುಗಿನಲ್ಲೇ. "ರೆಂಡು ಬಾತುಲು ವದಿಲೇಯಮ್ಮಾ, ಅನ್ನೀ ತಿನೇಸ್ತಾಯಿ" ಎಂದರು. ಎರಡು ಬಾತುಕೋಳಿ ಬಿಟ್ಟರೆ ಎಲ್ಲವನ್ನೂ ತಿಂದುಹಾಕುತ್ತವೆ ಎಂದು. ತಿನ್ನುತ್ತವೆ, ನಿಜ. ನೈದಿಲೆಯನ್ನೂ ತಿಂದು, ನೀರನ್ನೆಲ್ಲ ಬಗ್ಗಡ ಮಾಡಿ, ಹುಳುಮನೆಯ ಬಾಗಿಲವರೆಗೂ ಹಿಕ್ಕೆ ಹಾಕುತ್ತವೆ. ಆರೋಗ್ಯ ಕೇಂದ್ರದ ಸಿಮೆಂಟ್ ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನುವ ಮೀನುಗಳನ್ನು ಸಾಕಿದ್ದರು, ಕೇಳಿದರೆ ಪುಕ್ಕಟೆ ಕೊಡುತ್ತಿದ್ದರು. ಅವು ಇನ್ನೇನೇನು ತಿನ್ನುತ್ತವೋ? ಆಮೆ? ಅಂಗಡಿಯ ಬಣ್ಣದ ಮೀನು? ನೋಟುಬುಕ್ಕಿನಲ್ಲಿ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಒಂದು ಸಲ ನೀರಿಗೆ ಬಿಟ್ಟ ಜೀವವನ್ನು ತಪ್ಪಾಯಿತು ಎಂದು ವಾಪಸು ಹಿಡಿಯಲು ಬರುವುದಿಲ್ಲ ಎಂಬುದೇ ಅವಳ ಎದೆಯನ್ನು ಕುಟ್ಟುತ್ತಿತ್ತು.

ಶನಿವಾರ ರಹಮತ್ತುಲ್ಲಾ ಬಂದರು. ಮುಳಬಾಗಿಲಿನವರು, ಅರವತ್ತು ದಾಟಿದವರು. ಕೆರೆಗಳ ಮೀನು ಹರಾಜು ಹಿಡಿದು, ಟಿವಿಎಸ್ ಗಾಡಿಯ ಹಿಂದೆ ಐಸು ಪೆಟ್ಟಿಗೆ ಕಟ್ಟಿಕೊಂಡು ಊರೂರು ಮಾರುವುದು ಅವರ ಕಸುಬು. ಗಂಗಾಲಕ್ಷ್ಮಿ ಬೀದಿಯಲ್ಲೇ ತಡೆದಳು.

"ಭಾಯ್, ನಮ್ಮ ಕುಂಟೆಗೆ ಮೀನು ಬೇಕಿತ್ತು."

"ಸಾಕೋಕಾ, ತಿನ್ನೋಕಾ?"

"ತಿನ್ನೋಕೆ ಅಲ್ಲ. ಸೊಳ್ಳೆಮರಿ ತಿನ್ನೋಕೆ."

"ಯಾರು, ನೀವಾ?"

"ಅಯ್ಯೋ ನಾನಲ್ಲ ಭಾಯ್, ಮೀನು!"

ರಹಮತ್ತುಲ್ಲಾ ನಗುತ್ತಲೇ ಹಿತ್ತಲಿಗೆ ಬಂದರು. ಮೀನಿನ ಮಾತು ಆಡುವ ಮೊದಲು ಒಂದು ಬಿಳೀ ತಟ್ಟೆ ಕೇಳಿದರು. ನೈದಿಲೆಯ ಬುಡದಿಂದ ತಟ್ಟೆ ತುಂಬ ನೀರು ಎತ್ತಿ ಬಿಸಿಲಿಗೆ ಹಿಡಿದರು. "ನೆಂಟರನ್ನ ಕರೆಯೋ ಮುಂಚೆ ಮನೇಲಿ ಯಾರಿದ್ದಾರೆ ನೋಡ್ಬೇಕಲ್ಲಮ್ಮ?" ಎಂದು ತುಂಬ ಹೊತ್ತು ನೋಡಿದರು. ಇನ್ನೊಂದು ಕಡೆಯಿಂದ ಎತ್ತಿ ನೋಡಿದರು. ನಗು ಹೋಗಿಬಿಟ್ಟಿತ್ತು.

"ಯಾರೂ ಇಲ್ಲ."

"ಮರಿಗಳು ಇದಾವಲ್ಲ?"

"ಅವಷ್ಟೇ ಇರೋದು. ಮೂರು ವರ್ಷದ ಕುಂಟೆ, ಹೂವಿದೆ, ಎಲೆ ಇದೆ. ಒಂದು ಕಪ್ಪೆಮರಿ ಇಲ್ಲ, ನೀರುಹುಳ ಇಲ್ಲ, ಬಸವನಹುಳ ಕೂಡ ಚಿಪ್ಪಷ್ಟೇ ಇದೆ. ಏನು ಹಾಕಿದ್ರಿ ಇದಕ್ಕೆ?"

"ದೇವರಾಣೆ ಏನೂ ಹಾಕಿಲ್ಲ."

ರಹಮತ್ತುಲ್ಲಾ ದಡದ ಕಲ್ಲಿನ ಮೇಲೆ ಬೆರಳು ಎಳೆದು ತೋರಿಸಿದರು. ಬೆರಳಿಗೆ ಬಿಳಿಯ ಪುಡಿ ಹತ್ತಿತ್ತು. ಆ ಬಿಳಿಗೆರೆ ಕಲ್ಲಿನಿಂದ ಹಿಂದಕ್ಕೆ, ಸಣ್ಣ ಚರಂಡಿಯ ಗುಂಟ, ಹುಳುಮನೆಯ ಬಾಗಿಲವರೆಗೂ ಹೋಗಿತ್ತು.

ಗಂಗಾಲಕ್ಷ್ಮಿ ಆ ಗೆರೆಯ ಜೊತೆಗೇ ಬಾಗಿಲವರೆಗೂ ನಡೆದು ನಿಂತಳು. ಪ್ರತಿ ಬೆಳೆ ಮುಗಿದು ಗೂಡು ಬಿಡಿಸಿದ ಮೇಲೆ ಹುಳುಮನೆ ತೊಳೆಯುವವಳು ಅವಳೇ. ತಟ್ಟೆ, ಬಲೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಎಲ್ಲವನ್ನೂ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಅದ್ದಿ, ಉಜ್ಜಿ, ಒಣಗಿಸುತ್ತಿದ್ದಳು. ಊರಿನವರು ಒಂದು ಬಕೆಟ್ ಹಾಕಿದರೆ ಅವಳು ಎರಡು ಹಾಕುತ್ತಿದ್ದಳು. ಹೋದ ವರ್ಷ ಅರ್ಧ ಊರಿನ ಹುಳುವಿಗೆ ಸುಣ್ಣಕಟ್ಟು ರೋಗ ಬಂದಾಗ ಅವಳ ಮನೆಯ ಒಂದು ಹುಳುವೂ ಸತ್ತಿರಲಿಲ್ಲ. ಆ ಹೆಮ್ಮೆ ಇನ್ನೂ ಇತ್ತು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಅವಳು ತಿರುಗಿ ನೋಡಿರಲಿಲ್ಲ. ಕೊನೆಯ ಸಲ ತೊಳೆದು ಇಪ್ಪತ್ತು ದಿನವಾಗಿತ್ತು. ಈ ಮಳೆಗಾಲದಲ್ಲಿ ಕಪ್ಪೆ ಕೂಗಿದ್ದು ತಾನು ಕೇಳಿಯೇ ಇಲ್ಲ ಎಂಬುದು ಆಗ ಹೊಳೆಯಿತು.

"ನಾನೇ ಕೊಂದಿದ್ದು, ಭಾಯ್."

"ಬೇಕಂತ ಮಾಡಿದ್ರಾ? ನೋಡಿ, ಸೊಳ್ಳೆ ಹಾರ್ಕೊಂಡು ಬರ್ತದೆ, ಮೊಟ್ಟೆ ಇಡ್ತದೆ. ಅದಕ್ಕೆ ಎಂಟು ಹತ್ತು ದಿನ ಸಾಕು. ಅದನ್ನ ತಿನ್ನೋವಕ್ಕೆ ತಿಂಗಳುಗಟ್ಟಲೆ ಬೇಕು. ನೀವು ಎಲ್ಲರನ್ನೂ ಮನೆ ಖಾಲಿ ಮಾಡಿಸಿದ್ರಿ, ಮೊದಲು ಬಂದವರು ಬೀಗ ಒಡೆದು ಕೂತ್ಕೊಂಡ್ರು. ಅಷ್ಟೇ."

ಅವಳು ನೋಟುಬುಕ್ಕು ತೆಗೆದು ಒಂದೊಂದೇ ಕೇಳಿದಳು. ಆರೋಗ್ಯ ಕೇಂದ್ರದ ಮೀನು? ಸಿಮೆಂಟ್ ತೊಟ್ಟಿಗೆ ಸರಿ, ಇಲ್ಲಿ ಬೇಡ, ಕಪ್ಪೆಮರಿಗಳನ್ನೂ ಬಿಡೋದಿಲ್ಲ ಎಂದರು. ಆಮೆ? "ಮುಟ್ಟಬೇಡಿ, ಅರಣ್ಯದವರು ನಿಮ್ಮನ್ನ ಮುಟ್ತಾರೆ." ಮೀಸೆಮೀನು? "ಆ ದೊಡ್ಡ ಕರೀ ಮೀಸೆಮೀನು ಮಾತ್ರ ಯಾರು ಪುಕ್ಕಟೆ ಕೊಟ್ರೂ ಬೇಡ. ಕುಂಟೇಲಿ ಇರೋದನ್ನೆಲ್ಲ ತಿಂದು, ಮಳೆ ಬಂದ್ರೆ ತೆವಳಿಕೊಂಡು ಕೆರೆಗೂ ಹೋಗ್ತದೆ." ಆಮೇಲೆ ತಟ್ಟೆಯ ನೀರನ್ನು ಮೆಲ್ಲಗೆ ಕುಂಟೆಗೇ ಬಿಟ್ಟು ಹೇಳಿದರು: "ಮರಿ ಬದುಕಿದೆ ಅಂದ್ರೆ ನೀರು ಸತ್ತಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಆವನಿ ಬೆಟ್ಟದ ಹಿಂದಕ್ಕೆ ಬನ್ನಿ. ಮುಚ್ಚಳ ಇರೋ ಬಕೆಟ್ಟು ತನ್ನಿ. ಎರಡು ಮೂರು ಡಬ್ಬಿ ಕೂಡ."

ಹುಳುವಿಗೆ ಸೊಪ್ಪು ಹಾಕುವ ಹೊತ್ತಿನಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಅಮರನಾಥ ಸಿಡುಕಿದ. "ಬ್ಲೀಚಿಂಗ್ ಬಿಡೋಕಾಗುತ್ತೇನೇ? ಈ ಹುಳ ಅಂದ್ರೆ ನಮ್ಮ ಅನ್ನ ಕಣೇ."

"ಬಿಡಿ ಅಂತ ಎಲ್ಲಿ ಹೇಳಿದೆ? ಆ ನೀರು ಬೇರೆ ಕಡೆ ಹೋಗಲಿ ಅಂದೆ."

"ಬೇರೆ ಕಡೆ ಅಂದ್ರೆ ಎಲ್ಲಿಗೆ? ಸೊಣ್ಣಪ್ಪನ ಮನೆಗಾ? ಗುರುವಾರ ಆ ಸೌಟಲ್ಲಿ ಮರಿ ಕಂಡ್ರೆ ಶುಕ್ರವಾರ ಮಣ್ಣು. ಮಾತು ಮುಗೀತು."

ಭಾನುವಾರ ಬೆಳಿಗ್ಗೆ ಆವನಿ ಬೆಟ್ಟದ ಹಿಂಬದಿಯಲ್ಲಿ, ಆನೆಗಳು ಮಲಗಿದ ಹಾಗಿರುವ ಬಂಡೆಗಳ ಸಂದಿನಲ್ಲಿ, ಮನೆಯಂಗಳದಷ್ಟೇ ಅಗಲದ ಒಂದು ಕುಂಟೆಯನ್ನು ರಹಮತ್ತುಲ್ಲಾ ತೋರಿಸಿದರು. ತಮ್ಮ ತಂದೆ ತಮಗೆ ತೋರಿಸಿಕೊಟ್ಟದ್ದು ಎಂದರು. ಅದರಲ್ಲಿ ಮಾರುವಂಥ ಮೀನಿಲ್ಲ, ಆದ್ದರಿಂದ ಯಾರೂ ಬರುವುದಿಲ್ಲ. ಚಪ್ಪಲಿ ಬಿಟ್ಟು ನೀರಿಗಿಳಿದು, ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಲಿದ ಕೈಬಲೆಯನ್ನು ಹುಲ್ಲಿನ ಬುಡಕ್ಕೆ ತಳ್ಳಿ ಎತ್ತಿದರು. ಅದನ್ನು ಅವಳ ಬಿಳೀ ಬೇಸನ್ನಿನಲ್ಲಿ ಮಗುಚಿದರು.

ಮೊದಲು ಕಂಡದ್ದು ಕೆಸರು, ಕಡ್ಡಿ. ಮತ್ತೇನೂ ಇಲ್ಲ ಎಂದುಕೊಂಡಳು. ಕೆಸರು ತಳಕ್ಕೆ ಕೂತಿತು. ಆಗ ಬೇಸನ್ನಿಗೆ ಜೀವ ಬಂತು.

ಅಕ್ಕಿಕಾಳಿನಷ್ಟಿದ್ದ ಹುಳುವೊಂದು ಅಂಗಾತ ಮಲಗಿ, ಎರಡು ಉದ್ದ ಕಾಲುಗಳನ್ನು ದೋಣಿಯ ಹುಟ್ಟಿನ ಹಾಗೆ ಆಡಿಸುತ್ತ ಈಜಿತು. ಅದರ ಹೊಟ್ಟೆಗೆ ಅಂಟಿದ ಗಾಳಿ ಬೆಳ್ಳಿಯ ರೇಕಿನಂತೆ ಹೊಳೆಯಿತು. ಹುಟ್ಟಿದಂದಿನಿಂದ ಲೋಕವನ್ನು ತಲೆಕೆಳಗಾಗಿಯೇ ನೋಡುವ ಪ್ರಾಣಿ. ನೀರೊಳಗೆ ಧೂಳು ಎಂದುಕೊಂಡದ್ದು ಧೂಳಲ್ಲ, ಒಂದೊಂದು ಕಣವೂ ಎಗರುತ್ತಿತ್ತು, ಒಂದೊಂದಕ್ಕೂ ಕಪ್ಪು ಚುಕ್ಕೆಯ ಕಣ್ಣಿತ್ತು. ಬೆರಳುದ್ದದ ಮೀನುಗಳು ಮೇಲ್ಗಡೆಯೇ ತೇಲುತ್ತಿದ್ದವು. ಅವುಗಳ ನೆತ್ತಿಯ ಮೇಲೆ ಮಗುವಿಗೆ ಇಟ್ಟ ಬೊಟ್ಟಿನ ಹಾಗೆ ಬೆಳ್ಳಿಚುಕ್ಕೆ ಇತ್ತು.

"ಇವೇ ನಿಮಗೆ ಬೇಕಾದ ಮೀನು. ಈ ಸೀಮೇವೇ. ನೀರಿನ ಮೇಲುಗಡೆ ಏನು ಅಲ್ಲಾಡಿದ್ರೂ ಗುಳುಂ" ಎಂದರು ರಹಮತ್ತುಲ್ಲಾ.

ಆದರೆ ಅವಳ ಕಣ್ಣು ಬೇರೆಡೆ ಹೋಗಿತ್ತು. ಹುಣಸೆಬೀಜದಗಲದ ಕಂದು ಹುಳುವೊಂದರ ಬೆನ್ನಿನ ತುಂಬ ರಾಗಿಮುದ್ದೆಗೆ ಎಳ್ಳು ಒತ್ತಿದ ಹಾಗೆ ಏನೋ ಸಾಲಾಗಿ ಅಂಟಿತ್ತು.

"ಮೊಟ್ಟೆ. ಇವನು ಗಂಡು."

"ಗಂಡಾ?"

"ಹೌದಮ್ಮ. ಹೆಣ್ಣು ಬಂದು ಬೆನ್ನ ಮೇಲೆ ಅಂಟಿಸಿ ಹೋಗ್ತಾಳೆ. ಮರಿ ಆಗೋವರೆಗೂ ಹೊತ್ಕೊಂಡೇ ತಿರುಗ್ತಾನೆ. ಆಗಾಗ ಮೇಲೆ ಬಂದು ಮೊಟ್ಟೆಗೆ ಗಾಳಿ ತೋರಿಸ್ತಾನೆ. ಅಷ್ಟು ದಿನ ಹಾರೋ ಹಾಗಿಲ್ಲ, ಮೊಟ್ಟೆ ರೆಕ್ಕೆ ಮೇಲೆ ಕೂತಿದೆಯಲ್ಲ."

ಗಂಗಾಲಕ್ಷ್ಮಿ ಉಸಿರು ಬಿಗಿಹಿಡಿದು ನೋಡಿದಳು. ಎಷ್ಟು ಹೆರಿಗೆಗೆ ಆಸ್ಪತ್ರೆಯ ಹೊರಗೆ ಕಾದಿದ್ದಳು ಅವಳು! "ಇವನನ್ನ ಒಂದು ಸಲ ನಮ್ಮೂರಿಗೆ ಕರ್ಕೊಂಡ್ಹೋಗಿ ಮೆರವಣಿಗೆ ಮಾಡಿಸ್ಬೇಕು ಭಾಯ್. ಪೋಲಿಯೋ ಹನಿ ಹಾಕ್ಸೋಕೆ ಅಂದ್ರೆ ಒಬ್ಬ ಗಂಡಸೂ ಮಗು ಎತ್ಕೊಂಡು ಬರಲ್ಲ."

"ಮೆರವಣಿಗೆ ಆಮೇಲೆ. ಅಲ್ಲಿ ನೋಡಿ, ಆ ಮೂಲೇಲಿ."

ಮೂಲೆಯಲ್ಲಿದ್ದದ್ದು ಕೆಸರಿನದೇ ಒಂದು ಚೂರು ಎನ್ನಿಸುವ ಕುರೂಪಿ. ಆರು ಕಾಲು, ದಪ್ಪ ಕಣ್ಣು, ಅಲ್ಲಾಟವೇ ಇಲ್ಲ. ರಹಮತ್ತುಲ್ಲಾ ಒಂದು ಸೊಳ್ಳೆಮರಿಯನ್ನು ಅದರ ಹತ್ತಿರಕ್ಕೆ ತೇಲಿಸಿದರು. ಮರಿ ಕೊಂಕಿತು. ಆಮೇಲೆ ಮರಿ ಇರಲಿಲ್ಲ. ಕುರೂಪಿಯ ಬಾಯಿ ಮೆಲ್ಲಗೆ ಅಗಿಯುತ್ತಿತ್ತು.

"ಏನಾಯ್ತು? ನನಗೆ ಕಾಣಲೇ ಇಲ್ಲ."

"ಯಾರಿಗೂ ಕಾಣಲ್ಲ. ಮುಖದ ಕೆಳಗೆ ಮಡಿಚಿದ ಕೈಯ ಹಾಗೆ ಒಂದು ತುಟಿ ಇದೆ, ಅದನ್ನ ಬೀಸಿ ಹಿಡೀತದೆ. ಇದು ಏರೋಪ್ಲೇನ್ ಚಿಟ್ಟೆಯ ಮರಿ."

ಮಳೆ ಬಿಟ್ಟ ಸಂಜೆಗಳಲ್ಲಿ ಹಿಪ್ಪುನೇರಳೆ ತೋಟದ ಮೇಲೆ ಗಾಜಿನ ರೆಕ್ಕೆ ಹರಡಿಕೊಂಡು ಹಾರುವ ಆ ಏರೋಪ್ಲೇನ್ ಚಿಟ್ಟೆಗಳು ಹೀಗೆ ಕೆಸರಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತವೆಯೇ? ನಲವತ್ತು ವರ್ಷ ನೀರು ಸೇದಿದ್ದಳು, ತುಂಬಿದ್ದಳು, ಚೆಲ್ಲಿದ್ದಳು. ಒಂದು ಬೇಸನ್ನು ನೀರಿನೊಳಗೆ ಇಷ್ಟೊಂದು ಸಂಸಾರ ನಡೆಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕಣ್ಣು ತೇವವಾಯಿತು. ಸಂತೋಷವೋ, ತಾನು ಇಂಥದೇ ಎಷ್ಟು ಸಂಸಾರಗಳ ಮೇಲೆ ಸುಣ್ಣದ ನೀರು ಸುರಿದೆ ಎಂಬ ಸಂಕಟವೋ, ಅವಳಿಗೇ ತಿಳಿಯಲಿಲ್ಲ.

"ಇಲ್ಲಿಂದ ತಗೊಂಡು ಹೋಗೋದು ತಪ್ಪಲ್ವಾ ಭಾಯ್?"

"ಆಸೆಪಟ್ಟು ಬಾಚಿಕೊಂಡ್ರೆ ತಪ್ಪು. ಬಿತ್ತನೆಗೆ ಬೇಕಾದಷ್ಟು ಸಾಕು."

ಹನ್ನೆರಡು ಮೀನು, ಅಂಗಾತ ಈಜುವ ಹುಳು ಒಂದು ಹಿಡಿ, ಮೊಟ್ಟೆ ಹೊತ್ತವನು, ನಾಲ್ಕಾರು ಬಸವನಹುಳು. ಚಿಟ್ಟೆಯ ಮರಿಗಳನ್ನು ಮಾತ್ರ ಡಬ್ಬಿಗೊಂದರಂತೆ ಬೇರೆ ಹಾಕಿಸಿದರು. "ಒಟ್ಟಿಗೆ ಹಾಕಿದ್ರೆ ಮನೆ ಸೇರೋಷ್ಟೊತ್ತಿಗೆ ಇದೊಂದೇ ಉಳಿದಿರ್ತದೆ."

ಮನೆಯಲ್ಲಿ ವೆಂಕಟರತ್ನಮ್ಮ ಅರಿಶಿನ ಕುಂಕುಮ ಹಿಡಿದು ನಿಂತಿದ್ದರು. ಹೊಸಬರು ಬರುವಾಗ ಬಲಗಾಲು ಮೊದಲು ಇಡಬೇಕು ಎಂದು ಅವರು ಹೇಳಿದರೆ, ಅಮರನಾಥ "ಕಾಲೇ ಇಲ್ದೋರಿಗೆ ಬಲಗಾಲು ಎಲ್ಲಿಂದ ತರ್ತೀಯಮ್ಮಾ?" ಎಂದ. ಆದರೂ ಅವನು ಅಲ್ಲಿಂದ ಕದಲಲಿಲ್ಲ. ರಹಮತ್ತುಲ್ಲಾ ಹೇಳಿಕೊಟ್ಟ ಹಾಗೆ ಗಂಗಾಲಕ್ಷ್ಮಿ ಬಕೆಟ್ಟನ್ನು ಕುಂಟೆಯಲ್ಲಿ ತೇಲಿಬಿಟ್ಟು, ಚೊಂಬಿನಿಂದ ಸ್ವಲ್ಪ ಸ್ವಲ್ಪ ಕುಂಟೆಯ ನೀರು ಬೆರೆಸಿ, ಗಂಟೆ ಕಳೆದ ಮೇಲೆ ಮೆಲ್ಲಗೆ ಓರೆ ಮಾಡಿದಳು. ಮೀನುಗಳು ನೈದಿಲೆಯ ಎಲೆಯಡಿ ಹೊಕ್ಕು ಮಾಯವಾದವು.

ಮಂಗಳವಾರ ಒಂದು ಮೀನು ಸತ್ತು ತೇಲಿತು. ಅವಳಿಗೆ ಅನ್ನ ಇಳಿಯಲಿಲ್ಲ. ಊಟದ ಸೌಟನ್ನೇ ಅದ್ದಿ ನೋಡಿದಳು: ಹತ್ತಕ್ಕೆ ಐದರಲ್ಲಿ ಮರಿ. ಬುಧವಾರ ಸಂಜೆ ಮತ್ತೆ ಅದ್ದಿದಳು: ಮೂರರಲ್ಲಿ. ಕಡಿಮೆಯಾಗುತ್ತಿತ್ತು, ಆದರೆ ಗುರುವಾರಕ್ಕೆ ಮೂರು ಸೊನ್ನೆಯಾಗುವುದಿಲ್ಲ.

ಮನೆಯೊಳಗೆ, ಅವಳ ಕೆಲಸದ ಚೀಲದಲ್ಲಿ, ನಿಂತ ನೀರಿಗೆ ಹಾಕಲು ಇಲಾಖೆಯವರು ಕೊಟ್ಟಿದ್ದ ಔಷಧಿಯ ಬಾಟಲಿ ಇತ್ತು. ಒಂದು ಮುಚ್ಚಳ ಹಾಕಿದರೆ ಬೆಳಗಾಗುವುದರೊಳಗೆ ಒಂದು ಮರಿಯೂ ಉಳಿಯುವುದಿಲ್ಲ. ಕುಂಟೆ ಉಳಿಯುತ್ತದೆ. ಮಣ್ಣು ಬೀಳುವುದಿಲ್ಲ. ಉಳಿದ ಹುಳುಗಳಿಗೂ ಅದು ತಾಗುತ್ತದೆಯೋ? ತಾಗಬಹುದು. ತಾಗದೆಯೂ ಇರಬಹುದು. ಮಣ್ಣು ಬಿದ್ದರಂತೂ ಎಲ್ಲವೂ ಸಾಯುತ್ತವಲ್ಲ? ಹೀಗೆ ತನಗೆ ತಾನೇ ವಕೀಲಿಕೆ ಮಾಡುತ್ತ ದಡಕ್ಕೆ ಬಂದು ಮುಚ್ಚಳ ತಿರುಗಿಸಿದಳು.

ಆಗ ನೀರಿನ ಮೇಲ್ಮೈ ಒಂದಿಷ್ಟು ಅಲುಗಿತು. ಮೊಟ್ಟೆ ಹೊತ್ತವನು ಮೇಲೆ ಬಂದಿದ್ದ. ಹಿಂಗಾಲುಗಳಿಂದ ಬೆನ್ನನ್ನು ಮೆಲ್ಲಗೆ ಸವರುತ್ತ, ಮೊಟ್ಟೆಗಳನ್ನು ಗಾಳಿಗೆ ಒಡ್ಡಿ, ಮೇಲೆ ಕೆಳಗೆ ತೂಗುತ್ತಿದ್ದ. ಅವಳು ಕುಕ್ಕರಗಾಲಲ್ಲಿ ಕೂತಳು. ಬೆನ್ನಿನ ಮೇಲಿನ ಎಳ್ಳುಕಾಳೊಂದು ಮೇಲ್ಗಡೆ ಬಿರಿಯಿತು. ಬಿರುಕಿನಿಂದ ತಿಳಿಹಳದಿಯ, ಅವನದೇ ಆಕಾರದ, ಇರುವೆಯಷ್ಟು ಪುಟ್ಟ ಮರಿಯೊಂದು ಅಪ್ಪನ ಬೆನ್ನು ದೂಡಿಕೊಂಡು ಹೊರಗೆ ಬಂತು. ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ನೀರಿಗೆ ಬಿದ್ದು ಈಜಿತು. ಅದರ ಹಿಂದೆ ಇನ್ನೊಂದು.

ಎಷ್ಟೋ ಹೆರಿಗೆಗೆ ಬಾಗಿಲಾಚೆ ಕಾದವಳು ಅವಳು. ಈ ಹುಟ್ಟನ್ನು ಮಾತ್ರ ಎದುರಲ್ಲೇ ಕೂತು ನೋಡಿದಳು. ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಒಳಗೆ ಇಟ್ಟು ಬಂದಳು. ಆಗದಿದ್ದರೆ ಆಗದಿರಲಿ ಎಂದುಕೊಂಡಳು.

ಗುರುವಾರ ಹತ್ತು ಗಂಟೆಗೆ ಮುರಳಿಮೋಹನ್ ಬಂದರು. ಅಮರನಾಥ ಟ್ರ್ಯಾಕ್ಟರಿನವನ ನಂಬರನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡೇ ನಿಂತಿದ್ದ. ಸೊಣ್ಣಪ್ಪನ ಗದ್ದ ಗೋಡೆಯ ಮೇಲೆ ಹಾಜರಿತ್ತು. ಸೌಟು ಇಳಿಯಿತು. ಒಂದು, ಇಲ್ಲ. ಎರಡು, ಇಲ್ಲ. ಒಂಬತ್ತರವರೆಗೂ ನೀರು ಬರೀ ನೀರಾಗಿತ್ತು. ಅಮರನಾಥನೇ ಬೆರಗಾಗಿ ಹೆಂಡತಿಯ ಕಡೆ ನೋಡಿದ.

ಹತ್ತನೆಯದನ್ನು ನೈದಿಲೆಯ ಬುಡದಿಂದ ಎತ್ತಿದರು. ಒಂದಿಷ್ಟು ಕೆಸರೂ ಬಂತು. ಮುರಳಿಮೋಹನ್ ಅದನ್ನೂ ಚೆಲ್ಲಲು ಹೊರಟಿದ್ದರು.

"ತಡೀರಿ ಸಾರ್" ಎಂದಳು ಗಂಗಾಲಕ್ಷ್ಮಿ. "ಇದಾವೆ. ಎರಡು ಮರಿ ಇದಾವೆ, ಅಲ್ಲಿ."

"ಲೇ, ಅವರಿಗೇ ಕಾಣಿಸಿರಲಿಲ್ಲ!" ಎಂದ ಅಮರನಾಥ.

"ಇದ್ದದ್ದು ಇದೆ ಅಂತಲೇ ಬರೀಬೇಕಲ್ವಾ?" ಅವಳು ಬೆರಳು ಮಾಡಿ ತೋರಿಸಿದಳು. ಎರಡು ಮರಿಗಳು ಸೌಟಿನ ಅಂಚಿನಲ್ಲಿ ಕೊಂಕುತ್ತಿದ್ದವು. ಮುರಳಿಮೋಹನ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಅಷ್ಟರಲ್ಲಿ ಕೆಸರಿನ ಚೂರೊಂದು ಅರೆ ಅಂಗುಲ ಮುಂದೆ ಸರಿಯಿತು.

ಒಂದು ಮರಿ ಇರಲಿಲ್ಲ.

"ಎಲ್ಲಿ ಹೋಯ್ತು?" ಎಂದರು ಮುರಳಿಮೋಹನ್.

ನಾಲ್ಕು ತಲೆಗಳು ಸೌಟಿನ ಮೇಲೆ ಬಾಗಿದವು, ವೆಂಕಟರತ್ನಮ್ಮನವರದೂ ಸೇರಿ. ಕೆಸರಿನ ಚೂರು ಅಗಿಯಿತು, ನಿಂತಿತು. ಎರಡನೆಯ ಮರಿ ಕೊಂಕಿ ಹತ್ತಿರ ಬಂತು. ಈ ಸಲ ಎಲ್ಲರೂ ಕಣ್ಣು ಮಿಟುಕಿಸದೆ ಕಾದಿದ್ದರು. ಮುಖದಡಿಯಿಂದ ಏನೋ ಛಟ್ಟನೆ ಚಾಚಿ ಮಡಿಚಿಕೊಂಡಿತು.

"ಇಪ್ಪತ್ತೆರಡು ವರ್ಷ ಸರ್ವಿಸು ನಂದು" ಎಂದರು ಮುರಳಿಮೋಹನ್ ಪಿಸುದನಿಯಲ್ಲಿ. "ಎಷ್ಟು ಸಾವಿರ ಸಲ ಈ ಸೌಟು ಅದ್ದಿದ್ದೀನೋ. ಬರೀ ಸೊಳ್ಳೆಮರೀನೇ ನೋಡ್ತಿದ್ದೆ." ಕೈಯಲ್ಲಿದ್ದ ನಮೂನೆ ನೋಡಿದರು. "ಈಗ ಇದರಲ್ಲಿ ಏನು ಬರೀಲಿ ಅಮ್ಮ? ಇತ್ತು, ಈಗ ಇಲ್ಲ ಅನ್ನೋಕೆ ಕಾಲಂ ಇಲ್ಲ."

"ಹತ್ತಕ್ಕೆ ಒಂದರಲ್ಲಿ ಇತ್ತು ಅಂತ ಬರೀರಿ ಸಾರ್. ಕೈಗೊಂಡ ಕ್ರಮ ಅಂತ ಕೆಳಗೆ ಇದೆಯಲ್ಲ, ಅಲ್ಲಿ ಹುಳುಮನೆ ಬ್ಲೀಚಿಂಗ್ ನೀರು ಬಿಡೋದು ನಿಲ್ಲಿಸಿದ್ದೇವೆ ಅಂತ..." ಎಂದವಳು ಅರ್ಧಕ್ಕೆ ತಡೆದು ಗಂಡನ ಮುಖ ನೋಡಿದಳು. ಅದು ಅವಳೊಬ್ಬಳ ಮಾತಿನಿಂದ ಆಗುವ ಕೆಲಸವಲ್ಲ.

ಅಮರನಾಥ ಇನ್ನೂ ಸೌಟಿನಿಂದ ತಲೆ ಎತ್ತಿರಲಿಲ್ಲ. "ಬರೀರಿ ಸಾರ್" ಎಂದ. "ಆ ಕಡೆ ಇಂಗುಗುಂಡಿ ತೋಡಿಸ್ತೀನಿ. ನೀರು ಅಲ್ಲಿ ಇಳೀಲಿ." ಮೊಬೈಲನ್ನು ಜೇಬಿಗೆ ತುರುಕಿ ಮೊಣಕಾಲೂರಿ ಕೂತ. "ಇನ್ನೊಂದು ಸಲ ಅದ್ದಿ ಸಾರ್, ಸ್ವಲ್ಪ ಆ ಎಲೆ ಕೆಳಗೆ."

"ಏನ್ರೀ ಅದು? ಏನು ಸಿಕ್ತು?" ಎಂದು ಗೋಡೆಯ ಆಚೆಯಿಂದ ಸೊಣ್ಣಪ್ಪ ಕೂಗಿದ.

"ಶ್! ಸುಮ್ನಿರಣ್ಣ. ನೋಡ್ಬೇಕಾದ್ರೆ ಗೋಡೆ ಹಾರಿ ಬಾ" ಎಂದ ಅಮರನಾಥ.

ಸೊಣ್ಣಪ್ಪ ಪಂಚೆ ಎತ್ತಿ ಕಟ್ಟಿ ಗೋಡೆ ಹಾರಿಯೇಬಿಟ್ಟ. ಗಂಗಾಲಕ್ಷ್ಮಿ ಸರಿದು ದಡದಲ್ಲಿ ಅವನಿಗೆ ಜಾಗ ಬಿಟ್ಟಳು.